ಬಿಂದಿಗೆ ಓಟ

"ಸೀರೆ ಮೇಲಕ್ಕೆ ಕಟ್ರೇ ಮುಂಡೇವಾ. ಕಾಲಿಗೆ ತೊಡರಿ ಬಿದ್ದು ನನ್ನ ಮಾನ ಕಳೀಬ್ಯಾಡಿ. ಡೆಲ್ಲಿಯಿಂದ ಬಂದವ್ರೆ ನೋಡಕ್ಕೆ."

ಪಟೇಲ ಅಣ್ಣಯ್ಯಪ್ಪ ಹೀಗೆ ಕೂಗುತ್ತಿದ್ದುದು ನಮ್ಮ ಕೇರಿಯ ಹೆಂಗಸರಿಗೆ. ಅವರು ಊರ ಬಾವಿಯಿಂದ ಅಷ್ಟು ದೂರದಲ್ಲಿ, ಸುಣ್ಣದ ಗೆರೆಯ ಮೇಲೆ, ಖಾಲಿ ಬಿಂದಿಗೆ ಮುಂದಿಟ್ಟುಕೊಂಡು ಸಾಲಾಗಿ ನಿಂತಿದ್ದರು.

ಡೆಲ್ಲಿಯಿಂದ ಬಂದದ್ದು ಅಖಿಲ ಭಾರತ ಕ್ರೀಡಾ ಬರಹಗಾರರ ಸಂಘ. ದೇಶದ ಪೇಪರುಗಳಲ್ಲಿ ಕ್ರಿಕೆಟ್ಟು, ಹಾಕಿ, ಕುಸ್ತಿ ಎಂದು ಬರೆಯುವವರೆಲ್ಲ ಅದರ ಸದಸ್ಯರು. ಎಪ್ಪತ್ತೊಂಬತ್ತರಲ್ಲಿ ಅವರ ಸಮ್ಮೇಳನ ತುಮಕೂರಿಗೆ ಬಿತ್ತು. ಮೊದಲ ದಿನ ಭಾಷಣ ಕೇಳಿದರು, ಮರುದಿನ ಕುಣಿಗಲ್ಲಿಗೆ ಹೋಗಿ ಕುದುರೆ ಓಡುವುದನ್ನು ನೋಡಿದರು, ಅದರ ಮರುದಿನ ಹೆಂಗಸರು ಓಡುವುದನ್ನು ನೋಡಲು ಸಿ.ಎಸ್. ಪುರದ ಆಚೆಗಿರುವ ನಮ್ಮೂರಿಗೆ ಬಂದರು. ಇದರ ಹೆಸರು ಗ್ರಾಮೀಣ ಕ್ರೀಡೆ. ಕ್ರೀಡಾ ಪರಿಷತ್ತಿನ ಮೆಂಬರಾಗುವ ಆಸೆ ಹೊತ್ತವನು ಪಟೇಲ. ಬಿಂದಿಗೆ ಹೊರಬೇಕಾದವರು ನಾವು. ಅವನ ಮನೆಯ ಹೆಂಗಸರು ಸೀರೆ ಎತ್ತಿ ಕಟ್ಟುವುದುಂಟೇ.

ನನಗೂ ಕೆಲಸವಿತ್ತು. ತುಮಕೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಓದಿದವನು ಕೇರಿಯಲ್ಲಿ ನಾನೊಬ್ಬನೇ. ರೇಡಿಯೋದವರ ಕ್ರಿಕೆಟ್ ಕಾಮೆಂಟರಿಯನ್ನು ಮೂಗಿನಿಂದ ಮಾಡಿ ತೋರಿಸಿ ಕೇರಿಯವರನ್ನು ನಗಿಸುತ್ತಿದ್ದೆ. ಅದು ಪಟೇಲನ ಕಿವಿಗೂ ಬಿದ್ದಿತ್ತು.

"ಏನ್ಲಾ ಕರಿಸಿದ್ದ, ಮೂಗಲ್ಲಿ ಒದರ್ತೀಯಂತಲ್ಲ, ಅದ್ನ ಮೈಕಲ್ಲಿ ಒದರು. ಅವ್ರು ಅಂದಿದ್ದ ನಮಗೇಳು, ನಾವಂದಿದ್ದ ಅವ್ರಿಗೇಳು. ಮಧ್ಯದಲ್ಲಿ ನಿಂದೇನೂ ಸೇರಿಸ್ಬ್ಯಾಡ."

ಊರ ಬಾವಿಯ ಕಟ್ಟೆಯನ್ನು ನಮ್ಮವರು ಮುಟ್ಟುವಂತಿಲ್ಲ. ದಿನವೂ ದೂರದಲ್ಲಿ ಬಿಂದಿಗೆ ಇಟ್ಟು ಕಾಯಬೇಕು. ಪಟೇಲನ ಆಳು ಗಂಗಣ್ಣ ಮನಸ್ಸು ಬಂದಾಗ ಸೇದಿ, ಮೇಲಿನಿಂದ ಸುರಿಯುತ್ತಾನೆ. ಹಿಂದಿನ ದಿನವೆಲ್ಲ ಶಾಮಿಯಾನ ಕಟ್ಟುತ್ತಿದ್ದ ಅವನಿಗೆ ಮನಸ್ಸು ಬಂದಿರಲಿಲ್ಲ. ಹಳ್ಳದ ಒರತೆಯೂ ಬತ್ತಿತ್ತು. ನನ್ನ ಚಿಕ್ಕವ್ವ ಚಿಕ್ಕಮಾರಮ್ಮನ ಮಗಳು ಮೊನ್ನೆ ತಾನೇ ಹೆತ್ತಿದ್ದಳು. ಅವಳ ರಕ್ತದ ಬಟ್ಟೆ ತೊಳೆಯಲು ನೀರಿಲ್ಲದೆ ಮೂಲೆಯಲ್ಲಿ ನೊಣ ಮುತ್ತಿ ಬಿದ್ದಿತ್ತು. ಕೂಸಿನ ಮೈಗೆ ಇನ್ನೂ ನೀರು ಸೋಕಿರಲಿಲ್ಲ. "ಓಡಿದೋರು ಆ ನೀರ ಮನೇಗೆ ಹೊತ್ಕೊಂಡೋಗ್ಬೌದು" ಎಂದು ಪಟೇಲ ಹೇಳಿದ್ದಕ್ಕೇ ಚಿಕ್ಕವ್ವ ಓಟಕ್ಕೆ ಬಂದಿದ್ದು.

ಗಂಗಣ್ಣ ಬಿಂದಿಗೆಗಳಿಗೆ ನೀರು ಸುರಿದ. ಸೀಟಿ ಕೂಗಿತು. ನಾನು ಮೂಗಿನಿಂದ ಶುರು ಮಾಡಿದೆ. ದೊಡ್ಡಗಂಗಮ್ಮ ಎಲ್ಲರಿಗಿಂತ ಮುಂದೆ ಓಡಿದಳು, ಅರ್ಧ ನೀರು ಅವಳ ಬೆನ್ನ ಮೇಲಿಳಿಯಿತು. ಉಳಿದವರೂ ತೊಯ್ದು ತೊಪ್ಪೆಯಾದರು. ಒದ್ದೆ ಸೀರೆಯನ್ನು ನೋಡಲು ಅತಿಥಿಗಳು ಕುರ್ಚಿಯಿಂದ ಎದ್ದು ನಿಂತರು.

ಚಿಕ್ಕವ್ವ ಓಡಲಿಲ್ಲ. ಬಿಂದಿಗೆಯ ಕಂಠವನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯ ಮೇಲೆ ಕೂಸೇ ಇದ್ದಂತೆ, ಒಂದು ಹನಿಯೂ ಚೆಲ್ಲದ ಹಾಗೆ ನಡೆದು ಬಂದಳು. ಎಲ್ಲರೂ ಗುರಿ ಮುಟ್ಟಿ ಆದಮೇಲೆ ಮುಟ್ಟಿದಳು. ಅತಿಥಿಗಳು ನಕ್ಕು ನಕ್ಕು ಚಪ್ಪಾಳೆ ತಟ್ಟಿದರು. ನನ್ನ ಮೂಗು ಕಟ್ಟಿತು.

ಅವಳು ಬಿಂದಿಗೆ ಇಳಿಸಿದ್ದೇ ತಡ, ಸಂಘದ ಅಧ್ಯಕ್ಷರು ಬಂದರು. ಸಫಾರಿ ಸೂಟು, ಬಾಯಿ ತುಂಬ ಪಾನು. ಯಾವ ಓಟದಲ್ಲೇ ಆಗಲಿ ಅವರಿಗಿಂತ ಮುಂಚೆ ಅವರ ಹೊಟ್ಟೆ ಗೆಲ್ಲುತ್ತಿತ್ತು. ತುಂಬಿದ ಬಿಂದಿಗೆ ಕಂಡು ಖುಷಿಯಾಗಿ, ಬಗ್ಗಿಸಿ ಕೈ ತೊಳೆದರು, ಬಾಯಿ ಮುಕ್ಕಳಿಸಿ ಕೆಂಪಗೆ ಉಗಿದರು, ಉಳಿದದ್ದನ್ನು ಧೂಳು ಹಿಡಿದ ಬೂಟಿನ ಮೇಲೆ ಹುಯ್ದುಕೊಂಡರು.

ಕೇರಿಯ ಬಿಂದಿಗೆಯ ನೀರು ಡೆಲ್ಲಿಯ ಬಾಯಿಗೆ ಹೋದದ್ದನ್ನು ಕಂಡು ಪಟೇಲ ಬಾಯಿಗೆ ನೊಣ ಹೊಕ್ಕವನಂತಾದ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ಎಲ್ಲಾ ಚೆಲ್ಬುಟ್ನಲ್ಲಾ, ಬಾಡ್ಕಾವು" ಎಂದಳು ಚಿಕ್ಕವ್ವ, ನೆಲವನ್ನೇ ನೋಡುತ್ತ.

"ಏನಂತಾಳೆ?" ಅಧ್ಯಕ್ಷರು ಇಂಗ್ಲಿಷಿನಲ್ಲಿ ಕೇಳಿದರು.

"ಥ್ಯಾಂಕ್ಸ್ ಅಂತಿದಾಳೆ ಸರ್."

ಅಷ್ಟರಲ್ಲಿ ಫೋಟೋ ತೆಗೆಯುತ್ತಿದ್ದ ಖುರ್ಷಿದ್ ಪಾಷಾ ಬಂದ. ತುಮಕೂರಿನಲ್ಲಿ ಸಣ್ಣ ಸ್ಟುಡಿಯೋ ಇಟ್ಟವನು. "ಸಾರ್, ನೀರು ತುಳುಕೋದು ಸರ್ಯಾಗ್ ಸಿಕ್ಕಿಲ್ಲ. ಇನ್ನೊಂದ್ಸಲ ಓಡ್ಸಿ."

ಮತ್ತೆ ಓಡಬೇಕು, ಮತ್ತೆ ಬಿಂದಿಗೆ ತುಂಬಬೇಕು. ಗಂಗಣ್ಣ ಎಳನೀರು ಇಳಿಸಲು ಹೋಗಿದ್ದ. ಪಟೇಲ ಅವನ ಹೆಸರು ಹಿಡಿದು ಕೂಗಿದ. ಅಧ್ಯಕ್ಷರು ಗಡಿಯಾರ ನೋಡಿಕೊಂಡರು.

"ಗುಬ್ಬಿಯಲ್ಲಿ ಊಟ ತಣ್ಣಗಾಗುತ್ತಿದೆ. ಅವನಿಗೇಕೆ ಕಾಯಬೇಕು? ಇವರೇ ಸೇದಿಕೊಳ್ಳಲಿ."

ನಾನು ಮೈಕಿನಲ್ಲಿ, ಊರಿಗೆಲ್ಲ ಕೇಳುವಂತೆ, ರೇಡಿಯೋ ವಾರ್ತೆಯ ದನಿಯಲ್ಲಿ ಹೇಳಿದೆ: "ಡೆಲ್ಲಿ ಅಧ್ಯಕ್ಷರ ಅಪ್ಪಣೆಯಾಗಿದೆ. ಹೆಂಗಸರು ತಾವೇ ಕಟ್ಟೆ ಹತ್ತಿ ನೀರು ಸೇದಿಕೊಳ್ಳತಕ್ಕದ್ದು."

ಯಾರೂ ಅಲುಗಲಿಲ್ಲ. ಪಟೇಲ ಹಲ್ಲು ಕಿರಿಯುತ್ತಲೇ ನನ್ನ ಕಿವಿಗೆ ಬಾಯಿಟ್ಟ. "ಲೋ ಬಡ್ಡೀಮಗನೆ, ಹೆಂಗಸ್ರು ಸೇದೋ ಪದ್ಧತಿ ಇಲ್ಲ ಅಂತ ಏಳ್ಲಾ."

ನಿಜವಾದ ಕಾರಣ ಹೇಳುವ ಹಾಗಿರಲಿಲ್ಲ. 'ನಮ್ಮೂರಲ್ಲಿ ಜಾತಿ ಭೇದವಿಲ್ಲ' ಎಂದು ಅವನು ಅಂದೇ ಸ್ವಾಗತ ಭಾಷಣದಲ್ಲಿ ಓದಿದ್ದ.

"ಪಟೇಲರಿಗೆ ಬಹಳ ಸಂತೋಷವಂತೆ ಸರ್" ಎಂದೆ ಇಂಗ್ಲಿಷಿನಲ್ಲಿ. ಅಧ್ಯಕ್ಷರು ಪಟೇಲನ ಬೆನ್ನು ತಟ್ಟಿದರು.

"ದಿಟಾನೇನ್ಲಾ ಮಗ?" ಚಿಕ್ಕವ್ವ ಕೇಳಿದಳು.

"ದಿಟ ಕಣವ್ವ."

ಅವಳು ಪಟೇಲನ ಕಡೆ ತಿರುಗಿದಳು. "ಕಟ್ಟೆ ಅತ್ತಬೌದಾ ಬುದ್ದಿ?"

ಅತಿಥಿಗಳೆಲ್ಲ ಅವನನ್ನೇ ನೋಡುತ್ತಿದ್ದರು. ಅವನ ಹಲ್ಲು ಹಾಗೇ ಕಾಣುತ್ತಿತ್ತು. ಚಿಕ್ಕವ್ವ ಕಟ್ಟೆ ಹತ್ತಿದಳು.

ಹಗ್ಗಕ್ಕೆ ಬಿಂದಿಗೆ ಕಟ್ಟಿ ಬಿಟ್ಟಳು. ಬಿಂದಿಗೆ ಮುಳುಗಲಿಲ್ಲ, ತೇಲಿತು. ಎಳೆದು ಬಿಟ್ಟಳು, ಮತ್ತೆ ತೇಲಿತು. ಐವತ್ತು ದಾಟಿದ ಹೆಂಗಸು ಆ ಬಾವಿಯೊಳಗೆ ಇಣುಕಿದ್ದೇ ಅದು ಮೊದಲು. ಒರತೆಯಲ್ಲಿ ಚಿಪ್ಪಿನಿಂದ ಮೊಗೆದು ಗೊತ್ತಿದ್ದವಳಿಗೆ ಸೇದುವುದನ್ನು ಯಾರು ಕಲಿಸಬೇಕಿತ್ತು?

"ಇದೆಂಥ ಹಳ್ಳಿ ಹೆಂಗಸಯ್ಯ, ನೀರು ಸೇದಲೂ ಬರುವುದಿಲ್ಲ" ಎಂದು ಅಧ್ಯಕ್ಷರು ಹೊಟ್ಟೆ ಕುಣಿಸಿದರು.

ನಾನು ಮೈಕು ಬಿಟ್ಟು ಕಟ್ಟೆ ಹತ್ತಿದೆ. ಹಾಸ್ಟೆಲಿನ ಬಾವಿಯಲ್ಲಿ ಸೇದಿ ನನಗೆ ರೂಢಿಯಿತ್ತು. "ಒಂದ್ ಮಗ್ಗುಲಿಗೆ ಜಗ್ಗು ಚಿಕ್ಕವ್ವ. ಹಂಗೇ. ವಾಲ್ಲಿ." ಗುಳುಗುಳು ಎಂದು ಬಿಂದಿಗೆ ಒಳಗೆ ಹೋಯಿತು.

ಮೇಲೆ ಬಂದ ನೀರನ್ನು ಬೊಗಸೆಯಲ್ಲಿ ಕುಡಿದಳು. ಉಳಿದದ್ದನ್ನು ದೊಡ್ಡಗಂಗಮ್ಮನ ಬಿಂದಿಗೆಗೆ ಹುಯ್ದಳು. "ಓಗು, ಮೊದ್ಲು ನನ್ ಮಗೀಗೆ. ಆಮೇಕೆ ನಿಮ್ಮನೇಗೆ." ಸುಣ್ಣದ ಗೆರೆಯ ಕಡೆ ಯಾರೂ ಹೋಗಲಿಲ್ಲ. ಮೈಕಿನಲ್ಲಿ ಕೇಳಿದ್ದ ಕೇರಿಯವರು ಕೊಡ, ಗಡಿಗೆ, ಎಣ್ಣೆ ಡಬ್ಬ ಹಿಡಿದು ಬರತೊಡಗಿದರು.

"ಓಟ ಯಾವಾಗ?" ಅಧ್ಯಕ್ಷರು ಸಿಡುಕಿದರು.

ನಾನು ಇಳಿದು ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಬಾವಿಯನ್ನು ನಾವು ಮುಟ್ಟಿದ್ದು ಇವತ್ತೇ. ನೀವು ಹೋದರೆ ನಮ್ಮನ್ನು ಬಡಿಯುತ್ತಾರೆ. ಸ್ವಲ್ಪ ಹೊತ್ತು ಇರಿ, ಪೇಪರಿನಲ್ಲಿ ಬರೆಯಿರಿ.

ಅವರು ಬಾವಿಯನ್ನು ನೋಡಿದರು, ಚಿಕ್ಕವ್ವನ ಬಿಂದಿಗೆಯನ್ನು ನೋಡಿದರು. ಕರ್ಚೀಫು ತೆಗೆದು ಬಾಯಿ ಒರೆಸಿಕೊಂಡರು. ಒರೆಸಿದ ಮೇಲೆ ಇನ್ನೊಮ್ಮೆ ಉಗಿದರು.

"ನೋಡಪ್ಪ, ನಾವು ಬರೆಯುವುದು ಸ್ಪೋರ್ಟ್ಸ್. ಇದು ಸ್ಪೋರ್ಟ್ಸ್ ಅಲ್ಲ."

ಪಾಷಾ ಬಾವಿಯ ಕಡೆ ಕ್ಯಾಮೆರಾ ಎತ್ತಿದ್ದ. "ರೀಲು ದಂಡ ಮಾಡಬೇಡಿ" ಎಂದರು ಅಧ್ಯಕ್ಷರು. ಪಾಷಾ ಲೆನ್ಸಿಗೆ ಮುಚ್ಚಳ ಹಾಕಿದ. "ನಾನೂ ಬಾಳ್ಬೇಕಲ್ಲಪ್ಪ" ಎಂದ, ನನ್ನ ಮುಖ ನೋಡದೆ.

ಕಾರುಗಳು ಹೊರಟವು. ಕೊನೆಯ ಕಾರು ಕೆರೆ ಏರಿಯ ಮೇಲೆ ತಿರುಗುವವರೆಗೂ ಪಟೇಲ ಕೈಮುಗಿದುಕೊಂಡೇ ನಿಂತಿದ್ದ. ತಿರುಗಿದ ಮೇಲೆ ಕೈ ಬಿಟ್ಟ. ಎಳನೀರು ಕೆಡವಿ ಬಂದಿದ್ದ ಗಂಗಣ್ಣ ಮತ್ತು ಊರಿನ ಹುಡುಗರು ಶಾಮಿಯಾನದ ಗಳಗಳನ್ನು ಕಿತ್ತು ಒಬ್ಬೊಬ್ಬರು ಒಂದೊಂದು ಕೈಗೆ ತೆಗೆದುಕೊಳ್ಳತೊಡಗಿದರು. ಬಟ್ಟೆ ಒಂದು ಮೂಲೆಯಿಂದ ಕುಸಿದು ಖಾಲಿ ಕುರ್ಚಿಗಳ ಮೇಲೆ ಬಿತ್ತು.

ಚಿಕ್ಕವ್ವ ಆ ಕಡೆ ಒಮ್ಮೆ ನೋಡಿದಳು. ಅವಳ ಅಂಗೈ ಸುಲಿದು ಹಗ್ಗ ಕೆಂಪಾಗಿತ್ತು.

"ನೀನಿಡ್ಕೊಳ್ಲಾ" ಎಂದಳು. "ಕರಿಬಸಮ್ಮನ ಬಿಂದಿಗೆ ಇನ್ನಾ ತುಂಬಿಲ್ಲ."

ನಾನು ಹಗ್ಗ ಹಿಡಿದುಕೊಂಡು ಬಿಂದಿಗೆಯನ್ನು ಒಳಕ್ಕೆ ಬಿಟ್ಟೆ.