ದೀಪದ ಕೋಟು

ಚನ್ನರಾಯಪಟ್ಟಣದಲ್ಲಿ ಮದುವೆಯಿರಲಿ, ಗಣಪತಿಯಿರಲಿ, ಲೈಟಿಂಗ್ ಅಂದರೆ ನಟರಾಜನದೇ. ಸೀರಿಯಲ್ ಸೆಟ್ಟು, ಮೈಕು, ಜನರೇಟರು ಹೇರಿದ ಲಗೇಜ್ ಆಟೋದಲ್ಲೇ ಅವನ ಅರ್ಧ ಆಯುಸ್ಸು ಕಳೆದಿತ್ತು. ಬಿಚ್ಚಿ ತಂದ ವೈರುಗಳ ಸಿಕ್ಕು ಬಿಡಿಸುತ್ತಾ ಅವನು ಜಗಲಿಯಲ್ಲಿ ಕೂತರೆ, ಹತ್ತನೇ ಕ್ಲಾಸಿನ ಮಗಳು ನಿಸರ್ಗ ಎದುರಿಗೆ ಕೂತು ಕಥೆ ಹೇಳುತ್ತಿದ್ದಳು.

ಕಥೆ ಯಾವಾಗಲೂ ಒಂದೇ. ಲೈಬ್ರರಿಯಿಂದ ತಂದು, ಹಿಂತಿರುಗಿಸಿ, ಮತ್ತೆ ತಂದು ಓದಿದ ‘ತಂತಿಯೂರು’ ಎಂಬ ಕಾದಂಬರಿ. ಮುಂದೆಂದೋ ಬರುವ ಕಾಲದ ದೊಡ್ಡ ನಗರ. ಅಲ್ಲಿ ಬಡವರು ಹೊಟ್ಟೆಪಾಡಿಗೆ ತಮ್ಮ ನೆನಪುಗಳನ್ನೇ ಒಂದು ಕಂಪನಿಗೆ ಮಾರುತ್ತಾರೆ. ತಾರಿಣಿ ಎಂಬ ಹುಡುಗಿಯ ತಾಯಿಯೂ ಮಗಳನ್ನು ಸಾಕಲು ಒಂದೊಂದೇ ನೆನಪು ಮಾರುತ್ತಾ ಹೋಗಿ, ಕೊನೆಗೆ ಮಗಳನ್ನೇ ಮರೆತು ಎತ್ತಲೋ ಹೊರಟುಹೋಗುತ್ತಾಳೆ. ಅದಕ್ಕೂ ಮುಂಚೆ ಕಸದಲ್ಲಿ ಆಯ್ದ ಪುಟಾಣಿ ದೀಪಗಳನ್ನು ಹೊಲಿದು ಮಗಳಿಗೊಂದು ಕೋಟು ಮಾಡಿಕೊಟ್ಟಿರುತ್ತಾಳೆ. ಆ ಕೋಟು ತೊಟ್ಟುಕೊಂಡೇ ತಾರಿಣಿ ತಾಯಿಯನ್ನು ಹುಡುಕುತ್ತಾಳೆ.

“ಆಮ್ಯಾಕೆ? ಅವ್ವ ಸಿಕ್ಕಿದ್ಲಾ?” ಎಂದು ನಟರಾಜ ಕೇಳಿದರೆ, “ಅದ್ನ ಮಾತ್ರ ಹೇಳಕಿಲ್ಲ. ಸಿನ್ಮಾ ಬತ್ತೈತೆ, ಅಲ್ಲೇ ನೋಡು,” ಎನ್ನುತ್ತಿದ್ದಳು.

ಸಿನಿಮಾದ ಸುದ್ದಿ ಬಂದಾಗಿನಿಂದ ಅವಳಿಗೆ ಆ ಕೋಟು ಬೇಕೇ ಬೇಕಾಯಿತು. ನಟರಾಜ ಬಿಡುವಾದಾಗೆಲ್ಲ ಕೂತು ಹಳೇ ರೇನ್‌ಕೋಟಿಗೆ ಸೀರಿಯಲ್ ಸೆಟ್ಟಿನ ಬಲ್ಬು ಕೂರಿಸಿದ. ಒಳಜೇಬಿಗೆ ಬ್ಯಾಟರಿ ಇಟ್ಟ. ಸ್ವಿಚ್ಚು ಮಾತ್ರ ಇಡಲಿಲ್ಲ. ರಿಮೋಟು ತನ್ನ ಅಂಗಿ ಜೇಬಿಗೆ ಹಾಕಿಕೊಂಡ.

“ಅದ್ಯಾಕಪ್ಪಾ ನಿನ್ತವ?”

“ಚಪ್ರಕ್ಕೆ ಲೈಟು ಕಟ್ಟಿದ್ರೆ ಚಪ್ರನೇ ಸ್ವಿಚ್ ಒತ್ಕತೈತೇನವ್ವ? ಅದು ಆಪರೇಟರ್ ಕೆಲ್ಸ. ತಾಳಿ ಕಟ್ಟೋ ಟೈಮಿಗೆ ಸರ್ಯಾಗಿ ಲೈಟು ಬಿಡೋದ್ರಾಗೆ ಈ ನಟರಾಜ ಇವತ್ತಿನವರ್ಗೂ ತಪ್ಪಿಲ್ಲ!”

ಭಾನುವಾರ ಹಾಸನದಲ್ಲಿ ಮ್ಯಾಟಿನಿ. ಥಿಯೇಟರಿನ ಬಾಗಿಲಲ್ಲಿ ಅವನು ಗುಂಡಿ ಒತ್ತಿದ್ದೇ ತಡ, ಮಗಳು ಮೈತುಂಬ ಮಿಣುಕಿದಳು. ಕಾಲೇಜು ಹುಡುಗಿಯರು ಬಂದು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಒಳಗೆ ಕೂತ ಮೇಲೂ ಅವಳು ಅಪ್ಪನ ತೋಳು ಹಿಡಿದೇ ಇದ್ದಳು.

ಆಮೇಲೆ ಆ ಹಿಡಿತ ಸಡಿಲವಾಗುತ್ತಾ ಬಂತು. ಪರದೆಯ ಮೇಲೆ ಬರೀ ನೀಲಿ ಬೆಳಕು, ಹೊಗೆ. ತಾರಿಣಿ ಬಂದಳು, ಕೋಟಿಲ್ಲ. ಮಿಂಚುವ ಬಟ್ಟೆಯಲ್ಲಿ ಹೀರೋನ ಸುತ್ತ ಕುಣಿದು ಹೋದಳು. ತಾಯಿಯಂತೂ ಕಥೆಯಲ್ಲೇ ಇಲ್ಲ.

“ಲೇ, ಮುಂದಿನ್ ಕಾಲ ಅಲ್ಲ ಕಣ್ಲಾ, ನಮ್ಮೂರ್ ಗಣಪತಿ ಪೆಂಡಾಲು ಇದು!” ಮುಂದಿನ ಸಾಲಿನಿಂದ ಒಬ್ಬ ಕೂಗಿದ.

“ಪೆಂಡಾಲಲ್ಲಾದ್ರೆ ಪ್ರಸಾದನಾದ್ರೂ ಕೊಡ್ತಾರೆ ಕಣ್ಲಾ!”

ಥಿಯೇಟರಿಗೆ ಥಿಯೇಟರೇ ನಕ್ಕಿತು. ಕೂಗಿದವನು ಹಿಂದೆ ತಿರುಗಿ ನೋಡಿ, “ಅಗೋ, ಇಲ್ಲೊಂದು ಸೀರಿಯಲ್ ಸೆಟ್ಟು ಕುಂತೈತೆ!” ಅಂದ.

“ಅಪ್ಪ, ಆಫ್ ಮಾಡು,” ಅಂದಳು ನಿಸರ್ಗ.

ಕೂಗಿದವನು ನೋಡುತ್ತಿದ್ದಂತೆಯೇ ನಟರಾಜ ರಿಮೋಟು ಒತ್ತಿದ. ಎಷ್ಟೋ ಮದುವೆಗಳ ದೀಪ ಆರಿಸಿದ ಕೈ ಅದು. ಆದರೆ ಅದೆಲ್ಲ ಕಾರ್ಯ ಮುಗಿದ ಮೇಲೆ. ಹೀಗೆ ನಡುವಿನಲ್ಲಿ ಆರಿಸಿದ್ದು ಇದೇ ಮೊದಲು.

ಇಂಟರ್ವಲ್ಲಿನಲ್ಲಿ “ಓಗಾನಾ?” ಅಂದರೆ, “ಇರು. ಕೊನೆನಾದ್ರೂ ಸರಿಯಾಗಿ ತೆಗ್ದಿರ್ತಾರೆ,” ಅಂದಳು. ಕೊನೆಯಲ್ಲಿ ಹೀರೋ ಕಂಪನಿಯ ಕಟ್ಟಡ ಸಿಡಿಸಿ, ಕಪ್ಪು ಕನ್ನಡಕ ಹಾಕಿಕೊಂಡು ಹೊಗೆಯೊಳಗಿಂದ ನಡೆದು ಬಂದ. ಹೆಸರುಗಳು ಬರುವ ಮುಂಚೆಯೇ ಜನ ಎದ್ದಿದ್ದರು. ನಿಸರ್ಗ ಕೋಟನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ ಮಡಚಿ, ಕಂಕುಳಿಗೆ ಸಿಕ್ಕಿಸಿಕೊಂಡಳು.

ಆಟೋ ಹಾಸನ ದಾಟಿತು. ಆಮೇಲೆ ಕಿಟಕಿಯ ಆಚೆ ನೋಡುತ್ತಲೇ ಅಂದಳು: “ಆ ಬುಕ್ಕೂ ಹಿಂಗೇ ಇತ್ತೇನೋ ಅಪ್ಪ. ನಾನೇ ಏನೇನೋ ಅಂದ್ಕೊಂಡಿದ್ದೆ. ಇದ್ನ ಬಿಚ್ಚಾಕ್ಬುಡು. ಬಲ್ಬು ನಿನ್ ಕೆಲ್ಸಕ್ಕಾದ್ರೂ ಬತ್ತವೆ.”

ನಟರಾಜ ತಿರುಗಿ ಮಗಳ ಕಂಕುಳಲ್ಲಿದ್ದ ಕೋಟು ನೋಡಿದ. ಸಿನಿಮಾ ಹಾಳಾಗಿಹೋಗಲಿ. ನಾಳೆ ತಾನು ವೈರು ಬಿಡಿಸುತ್ತಾ ಕೂತಾಗ ಎದುರಿಗೆ ಈ ಹುಡುಗಿ ಬಂದು ಕೂರದಿದ್ದರೆ?

ಶಾಂತಿಗ್ರಾಮದ ಹತ್ತಿರ ಲಕ್ಕಮ್ಮನ ಟೀ ಅಂಗಡಿ ಮುಂದೆ ನಿಲ್ಲಿಸಿದ. ಹೊತ್ತು ಮುಳುಗಿ ಮಬ್ಬಾಗಿತ್ತು. ಬೈಕು ನಿಲ್ಲಿಸಿಕೊಂಡು ಮೂವರು ಹುಡುಗರು ಅದೇ ಸಿನಿಮಾವನ್ನು ಬೈಯುತ್ತಾ ಟೀ ಕುಡಿಯುತ್ತಿದ್ದರು. ಕೂಗಿದವನೂ ಅವರಲ್ಲಿದ್ದ. ಕೋಟು ಕಂಡು ಅವನ ಮುಖ ಸಣ್ಣಗಾಯಿತು.

“ತಪ್ಪು ತಿಳ್ಕಬೇಡ ಕಣವ್ವ. ಸಿನ್ಮಾ ಮ್ಯಾಲಿನ್ ಸಿಟ್ಟು ನಿನ್ ಮ್ಯಾಲೆ ಬಂದ್ಬುಡ್ತು.”

ನಿಸರ್ಗ ಮುಖ ಆಚೆ ತಿರುಗಿಸಿದಳು. ನಟರಾಜ ಟೀ ಲೋಟ ಅವಳ ಕೈಗಿಟ್ಟು ಕೇಳಿದ: “ಅದಿರ್ಲಿ, ಅವ್ವ ಸಿಕ್ಕಿದ್ಲೋ ಇಲ್ವೋ?”

“ನೋಡಿದ್ಯಲ್ಲ.”

“ಅದ್ರಾಗೆ ಅವ್ವನೇ ಇರ್ನಿಲ್ವಲ್ಲವ್ವ. ನಂಗೆ ಬುಕ್ಕಿನಾಗಿಂದು ಬೇಕು. ಇಷ್ಟ್ ದಿನ ಕಾದಿವ್ನಿ, ಈಗ ಹೇಳಕಿಲ್ಲ ಅಂದ್ರೆ ಎಂಗೆ?”

“ಅವ್ವನ ಕಥೆನಾ ಅದು?” ಹುಡುಗ ಬಾಯಿ ಹಾಕಿದ. “ಯಾವ ಅವ್ವ?”

ಆ ಪ್ರಶ್ನೆ ಕೇಳಿ ಅವಳಿಗೆ ಸುಮ್ಮನಿರಲು ಆಗಲಿಲ್ಲ. ಸಿಟ್ಟಿನಲ್ಲೇ ಶುರುಮಾಡಿದಳು: ನೆನಪು ಮಾರುವ ಊರು, ಕಸದ ದೀಪ, ಹೊರಟುಹೋದ ತಾಯಿ. ಹೇಳುತ್ತಾ ಹೇಳುತ್ತಾ ಸಿಟ್ಟು ಎಲ್ಲೋ ಹೋಯಿತು. ತನಗೇ ಗೊತ್ತಿಲ್ಲದಂತೆ ಕೋಟನ್ನು ತೊಟ್ಟುಕೊಂಡಳು. ಲಕ್ಕಮ್ಮ ಸ್ಟೌವಿನ ಸದ್ದು ತಗ್ಗಿಸಿದಳು.

“ಒಂದಿನ ಊರಿಗೆಲ್ಲಾ ಕರೆಂಟ್ ಹೋಯ್ತದೆ. ತಾರಿಣಿ ಕೋಟೂ ಕೆಟ್ಟು ಎಷ್ಟೋ ದಿನ ಆಗೈತೆ. ಕತ್ಲೇಲಿ ಜನದ ಮಧ್ಯ ಹೋಗ್ತಿರ್ಬೇಕಾದ್ರೆ ಯಾವಳೋ ಹೆಂಗಸು ಡಿಕ್ಕಿ ಹೊಡಿತಾಳೆ. ಅವ್ಳೇ ಅವ್ವ. ಆದ್ರೆ ಗುರ್ತಿಲ್ಲ. ಕೈಗೆ ಕೋಟು ತಾಕ್ದಾಗ ತಡವಿ ನೋಡಿ, ‘ಹೊಲಿಗೆ ಬಿಟ್ಕಂಡೈತಲ್ಲವ್ವ, ಕೊಡಿಲ್ಲಿ, ಹಾಕ್ಕೊಡ್ತೀನಿ’ ಅಂತಾಳೆ.”

ಹುಡುಗರು ಲೋಟ ಕೆಳಗಿಟ್ಟು ಹತ್ತಿರ ಬಂದರು.

“ಗುರ್ತು ಇಲ್ದೇ ಇದ್ರೂ ಹೊಲಿತಾಳೆ. ಕೊನೇ ಹೊಲಿಗೆ ಹಾಕಿ ದಾರ ಕಡಿತಾಳೆ ನೋಡು, ಆಗ ಕೋಟಿನ ದೀಪ ಎಲ್ಲಾ ಒಂದೇ ಸಲಕ್ಕೆ…”

ಅವಳು ಕೈ ಚಾಚಿ ನಿಂತಳು. ಕೋಟು ಕತ್ತಲಾಗಿಯೇ ಇತ್ತು. ನಟರಾಜ ಲೋಟ ಹಿಡಿದುಕೊಂಡು ಮಗಳ ಮುಖವನ್ನೇ ನೋಡುತ್ತಾ ಕೂತುಬಿಟ್ಟಿದ್ದ.

“ಅಣ್ಣೋ, ಲೈಟು!” ಅಂದ ಹುಡುಗ.

ಆಪರೇಟರ್ ಬೆಚ್ಚಿಬಿದ್ದು, ಮಂಜಾದ ಕಣ್ಣಲ್ಲೇ ರಿಮೋಟಿಗಾಗಿ ಜೇಬು ತಡಕಿದ.