ಮಾರದ ಹೆಸರು

ಬೆಲ್‌ಗ್ರೇಡಿನ ಕಚೇರಿಯಿಂದ ಕಾಗದ ಬಂದಾಗ ಮಿಲುಂಕಾ ಹಿತ್ತಿಲಲ್ಲಿ ಕೂತು ಪ್ಲಮ್ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು. ಅಂಚೆಯವನು ಸಹಿ ಬೇಕೆಂದ. ಅಂಟುಗೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹೇಗೋ ಗೀಚಿದಳು. ಒಡೆದು ನೋಡಿದರೆ ಇರುವೆ ಸಾಲಿನಂಥ ಅಕ್ಷರಗಳು, ಅವುಗಳ ನಡುವೆ ದಪ್ಪಗೆ ಒಂದೇ ಮಾತು: ಇಕೊನಿಯಾ. ಸತ್ತ ಮಗಳ ಹೆಸರು ಸರ್ಕಾರಿ ಮೊಹರಿನ ಕೆಳಗೆ ಕಂಡದ್ದೇ ಅವಳು ಕಾಗದವನ್ನು ಪಕ್ಕಕ್ಕೆ ಚಾಚಿದಳು. ಉಳಿದದ್ದನ್ನು ನಾದಿನಿ ದೆಸಾಂಕಾ ಕನ್ನಡಕ ಏರಿಸಿಕೊಂಡು ಓದಿದಳು.

"ಯಾರೋ ಕಂಪನಿಯವರು ನಮ್ಮ ಇಕಾ ಹೆಸರು ಕೇಳ್ತಿದಾರೆ ಅತ್ತಿಗೆ. ನೀವು ಅದನ್ನ ಉಪಯೋಗಿಸ್ತಾನೇ ಇಲ್ವಂತೆ. ಅದಕ್ಕೆ ನಿಮ್ಮ ಕೈಯಿಂದ ತೆಗೀರಿ ಅಂತ ಅರ್ಜಿ ಹಾಕಿದಾರೆ."

"ಹೆಸರೇನು ಮೂಲೆಗೆ ಬಿದ್ದಿರೋ ಸೈಕಲ್ಲೇನೇ, ಉಪಯೋಗಿಸ್ತಿಲ್ಲ ಅಂತ ಎತ್ಕೊಂಡು ಹೋಗೋಕೆ?"

ದೆಸಾಂಕಾ ಕಾಗದವನ್ನು ಮತ್ತೆ ಮೊದಲಿಂದ ಓದತೊಡಗಿದಳು. ಸದಾ ಪಟಪಟ ಅನ್ನುವ ಹೆಂಗಸು ಹಾಗೆ ಬೆರಳಿಟ್ಟು ಓದುವುದು ನೋಡಿಯೇ ಮಿಲುಂಕಾಳಿಗೆ ಹೆದರಿಕೆ ಹತ್ತಿತು.

ಇಕೊನಿಯಾ ಎಂಬುದು ಮಿಲುಂಕಾಳ ಅತ್ತೆಯ ಹೆಸರು, ಅದನ್ನೇ ಮಗಳಿಗಿಟ್ಟು ಮನೆಯಲ್ಲಿ ಇಕಾ ಎಂದು ಕರೆದರು. ಹುಟ್ಟಿದ ಮಗುವಿಗೆ ಅಂಥ ಮುದುಕಿ ಹೆಸರಿಟ್ಟದ್ದಕ್ಕೆ ಶಾಲೆಯ ಮಕ್ಕಳು ಬಿಟ್ಟಾರೆಯೇ? "ಅಜ್ಜೀ, ಹಲ್ಲು ಸೆಟ್ಟು ಎಲ್ಲಿ ಬಿಟ್ಟೆ?" ಎಂದು ಗೋಳು ಹೊಯ್ದುಕೊಂಡಿದ್ದರು. ಹುಡುಗಿ ಅಳುತ್ತಾ ಮನೆಗೆ ಬರುತ್ತಿದ್ದಳು. ದೊಡ್ಡವಳಾದ ಮೇಲೆ ಅದೇ ಹೆಸರನ್ನು ತಾಯಿ ಮಾಡುವ ಸಿಹಿಯ ಭರಣಿಯ ಮೇಲೆ ಅಂಟಿಸಿ ಮಾರುತ್ತೇನೆಂದು ಹಟ ಹಿಡಿದಳು. ಮಿಲುಂಕಾ ಮಾಡುವ ಪ್ಲಮ್ಮಿನ ಸ್ಲಾತ್ಕೊ ಅಂದರೆ ಆ ಸೀಮೆಯಲ್ಲಿ ಹೆಸರುವಾಸಿ. ಸಿಪ್ಪೆ ಸುಲಿದು, ಬೀಜ ತೆಗೆದ ಜಾಗಕ್ಕೆ ಅಕ್ರೋಟು ತುಂಬಿ, ಸುಣ್ಣದ ತಿಳಿನೀರಲ್ಲಿ ನೆನೆಸಿ ಪಾಕಕ್ಕೆ ಹಾಕಿದ ಹಣ್ಣು, ಕಚ್ಚಿದರೆ ಒಡೆಯಬೇಕು, ಕರಗಬಾರದು. ಮನೆಗೆ ಬಂದವರಿಗೆ ಮೊದಲು ಅದು ಒಂದು ಚಮಚ, ಮೇಲೆ ಒಂದು ಲೋಟ ತಣ್ಣೀರು. ಅದಾದ ಮೇಲೆಯೇ ಮಾತುಕತೆ.

"ಬಂದೋರಿಗೆ ಕೊಡೋದನ್ನ ಮಾರೋದೇ?" ಎಂದು ಮಿಲುಂಕಾ ಮೂಗು ಮುರಿದಿದ್ದಳು.

"ಬರೋಕಾಗದೇ ಇರೋರಿಗೆ ಮಾರೋಣಮ್ಮಾ," ಅಂದಿದ್ದಳು ಇಕಾ.

ಕಂಪನಿ ನೋಂದಾಯಿಸಿದ ದಿನ ಮಗಳ ಮುಖ ನೋಡಬೇಕಿತ್ತು! ಮೂಲ ಬಂಡವಾಳ ಎಂದು ಕಾನೂನು ಕೇಳುವುದು ಬರೀ ನೂರು ದಿನಾರು. "ನೂರು ದಿನಾರಿಗೆ ತಿನ್ನೋಕೆ ಒಂದು ಬುರೆಕ್ ಸಿಗಲ್ಲ, ಕಂಪನಿ ಸಿಗುತ್ತೆ ನೋಡು!" ಎಂದು ಬೀದಿಯಲ್ಲೇ ನಕ್ಕಿದ್ದಳು. ಆಮೇಲೆ ಬಸ್ಸಿನಲ್ಲಿ ತಾಯಿಗೆ ಪಾಠ. "ಕಂಪನಿ ಅಂದ್ರೆ ಬೇರೇ ಒಬ್ಬ ಮನುಷ್ಯ ಇದ್ದ ಹಾಗೆ. ಅದರ ಸಾಲ ಅದೇ ತೀರಿಸ್ಬೇಕು, ನಮ್ಮ ಮನೆ ತೋಟಕ್ಕೆ ಯಾರೂ ಕೈ ಹಾಕೋ ಹಾಗಿಲ್ಲ. ನಾವು ಸತ್ರೂ ಅದು ಸಾಯಲ್ಲ."

"ತಿನ್ನೋಕೂ ಕೇಳಲ್ಲ ತಾನೆ? ಹಾಗಾದ್ರೆ ನಿಮ್ಮಪ್ಪನಿಗಿಂತ ವಾಸಿ," ಅಂದಳು ಮಿಲುಂಕಾ. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಅವನ ಹೊಟ್ಟೆಬಾಕತನ ತಾಯಿಮಗಳಿಗೆ ನಗೆಯ ಸರಕಾಗಿಯೇ ಉಳಿದಿತ್ತು.

ಭರಣಿಯ ಹೆಸರಿಗೆ ಬೇರೆಯೇ ಅರ್ಜಿ ಬೇಕಾಯಿತು. ಕಂಪನಿಯನ್ನು ನೋಂದಾಯಿಸಿದ ಮಾತ್ರಕ್ಕೆ ಸರಕಿನ ಹೆಸರು ನಮ್ಮದಾಗುವುದಿಲ್ಲ, ಅದನ್ನು ಟ್ರೇಡ್‌ಮಾರ್ಕ್ ಮಾಡಿಸಬೇಕು ಎಂದು ಇಕಾ ಕಂಡುಕೊಂಡಿದ್ದಳು. 'ಮನೆಯ ಸ್ಲಾತ್ಕೊ' ಅಂತ ಇಡು ಎಂದರೆ ಒಪ್ಪಲಿಲ್ಲ. ಎಲ್ಲರ ಬಾಯಲ್ಲೂ ಇರುವ ಮಾತಿಗೆ ಒಬ್ಬರು ಬೇಲಿ ಹಾಕಿಕೊಳ್ಳುವಂತಿಲ್ಲವಂತೆ. ಹಾಗಾಗಿ ಅಜ್ಜಿಯ ಹೆಸರು, ತನ್ನ ಹೆಸರು, ಇಕೊನಿಯಾ. ಪ್ರಮಾಣಪತ್ರ ಬಂದ ದಿನ ಅದನ್ನು ಎದೆಗವಚಿಕೊಂಡು ಹೇಳಿದ್ದಳು: "ಇನ್ಮೇಲೆ ಯಾರೂ ಈ ಹೆಸರನ್ನ ಆಡಿಕೊಳ್ಳಂಗಿಲ್ಲ."

ಆ ಚಳಿಗಾಲದಲ್ಲೇ ಮೇಳದಲ್ಲಿ ಸರಕು ಮಾರಿ ಬರುವಾಗ ಹಿಮಗಟ್ಟಿದ ದಾರಿಯಲ್ಲಿ ವ್ಯಾನು ಜಾರಿತು. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಲು ಮಿಲುಂಕಾಳಿಗೆ ಎಂದೂ ಆಗಿಲ್ಲ.

ಆಮೇಲೆ ಅವಳು ಒಂದೇ ಒಂದು ಭರಣಿ ಮಾರಲಿಲ್ಲ. ಮಾರಲು ಹೋಗಿಯೇ ಮಗಳು ಹೋದದ್ದಲ್ಲವೇ? ಲೇಬಲ್ಲುಗಳ ಕಟ್ಟನ್ನು ಪೆಟ್ಟಿಗೆಗೆ ಹಾಕಿದಳು. ಆದರೆ ಊರವರೆಲ್ಲ ತಮ್ಮವರ ಸಮಾಧಿಗೆ ತಿನಿಸು ಒಯ್ಯುವ ಸತ್ತವರ ಶನಿವಾರ, ವರ್ಷದಲ್ಲಿ ಕೆಲವು ಸಲ, ಬಂದಾಗಲೆಲ್ಲ ಅದರಿಂದ ಕೆಲವನ್ನು ತೆಗೆದು, ಭರಣಿಗಳಿಗೆ ನೀಟಾಗಿ ಅಂಟಿಸಿ, ಸ್ಮಶಾನಕ್ಕೆ ಒಯ್ಯುತ್ತಿದ್ದಳು. ಮೇಣದ ಬತ್ತಿ ಹಚ್ಚಿ, ಸಮಾಧಿಯ ಕಲ್ಲಿನ ಮೇಲೆ ಬಟ್ಟೆ ಹಾಸಿ, ಹಾದುಹೋಗುವವರಿಗೆಲ್ಲ ಒಂದೊಂದು ಚಮಚ. ಇಕಾಳ ಆತ್ಮಕ್ಕೆ. ಸಮಾಧಿಯ ಬಳಿ ಕೊಟ್ಟದ್ದು ಸತ್ತವರಿಗೆ ಮುಟ್ಟುತ್ತದೆ, ಪುಕ್ಕಟೆ ಕೊಟ್ಟರೆ ಮಾತ್ರ. ರುಚಿ ಹತ್ತಿದವರು ಕೆಲವರು ಪರ್ಸು ತೆಗೆದು ಒಂದು ಭರಣಿ ಕೊಡಿ ಅನ್ನುತ್ತಿದ್ದರು. ಅವಳು ಬೆಂಕಿ ಮುಟ್ಟಿದವಳ ಹಾಗೆ ಕೈ ಹಿಂದೆಳೆದುಕೊಂಡು, ದುಡ್ಡು ಮುಟ್ಟದೆ ಭರಣಿಯನ್ನೇ ಕೊಟ್ಟು ಕಳಿಸುತ್ತಿದ್ದಳು.

ವಕೀಲ ಸ್ಲಾವಿಶಾ ಇಕಾಳ ಸಹಪಾಠಿ. ಶಾಲೆಯಲ್ಲಿ ಅಜ್ಜೀ ಎಂದು ಕೂಗುತ್ತಿದ್ದವರ ಮುಂದಾಳು, ಅವಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಒಬ್ಬ. ಮಿಲುಂಕಾ ಮತ್ತು ದೆಸಾಂಕಾ ಪೇಟೆಯ ಅವನ ಕಚೇರಿಗೆ ಹೋದಾಗ ಕಾಗದ ಓದಿ ತಲೆ ತಗ್ಗಿಸಿದ.

"ಅತ್ತೇ, ಐದು ವರ್ಷ ಒಂದು ಹೆಸರನ್ನ ವ್ಯಾಪಾರಕ್ಕೆ ಬಳಸ್ದೇ ಇದ್ರೆ, ಬೇಕು ಅನ್ನೋರು ಅದನ್ನ ರದ್ದು ಮಾಡಿಸ್ಬಹುದು. ಬಳಸಿದೀವಿ ಅಂತ ತೋರಿಸೋ ಹೊಣೆ ನಮ್ಮದು. ನಿಮಗೊಂದ್ಸಲ ಹೇಳಿದ್ದೆ."

"ಯಾವಾಗಪ್ಪ ಹೇಳಿದ್ದೆ?"

"ವರ್ಷದ ತಿಥಿ ದಿನ. ನೀವು ಕಪ್ಪು ಬಟ್ಟೇಲಿ ಕೂತಿದ್ರಿ. ನಂಗೆ ಮತ್ತೆ ಹೇಳೋಕೆ ಬಾಯಿ ಬರಲಿಲ್ಲ."

ಅವನ ಕಣ್ಣು ಕೆಂಪಗಾದದ್ದು ನೋಡಿ ಮಿಲುಂಕಾಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಯಾರನ್ನಾದರೂ ಬೈದು ಹಗುರಾಗಬಹುದಿತ್ತು.

"ಬಳಸಿದೀನಲ್ಲ," ಅಂದಳು. "ಪ್ರತಿ ಸತ್ತವರ ಶನಿವಾರ. ಇಡೀ ಊರು ತಿಂದಿದೆ. ನೀನೂ ತಿಂದಿದೀಯ."

"ತಿಂದಿದೀನಿ ಅತ್ತೆ. ಆದ್ರೆ ಮಾರಿದ್ದು?"

"ಸಮಾಧಿ ಹತ್ರ ಮಾರ್ತಾರೇನೋ?"

"ಅದೇ ತೊಂದ್ರೆ. ಕಾನೂನಲ್ಲಿ ಪುಕ್ಕಟೆ ಕೊಟ್ಟಿದ್ದು ಲೆಕ್ಕಕ್ಕಿಲ್ಲ, ಮಾರಿದ್ದು ಮಾತ್ರ ಲೆಕ್ಕ."

ದೆಸಾಂಕಾ ಕುರ್ಚಿಯನ್ನು ಮುಂದಕ್ಕೆಳೆದಳು. "ಅಷ್ಟೇ ತಾನೆ? ನಾನು ಕೊಂಡ್ಕೊಂಡೆ ಅಂತ ಬರ್ಕೊಡ್ತೀನಿ. ನಮ್ಮ ಬೀದಿಯೋರೆಲ್ಲ ಬರ್ಕೊಡ್ತಾರೆ. ಕೇಳೋರು ಯಾರು? ಆ ಕಂಪನಿಯೋರು ಬಂದು ನಮ್ಮ ಹೊಟ್ಟೆ ಬಗೆದು ನೋಡ್ತಾರಾ?"

ಸ್ಲಾವಿಶಾ ಕಿಟಕಿಯತ್ತ ನೋಡಿದ. ನಾನು ಕೇಳಿಸಿಕೊಳ್ಳಲಿಲ್ಲ ಎಂದು ಒಳ್ಳೆಯ ವಕೀಲರು ಹೇಳುವ ರೀತಿಯೇ ಅದು. ಅವನಿಗೂ ಆಸೆಯಿತ್ತು, ಪಾಪ.

ಮಿಲುಂಕಾ ಕಾಗದದ ಮೇಲಿನ ಹೆಸರನ್ನು ಬೆರಳಲ್ಲಿ ಸವರಿದಳು. ಒಂದು ಸುಳ್ಳು, ಮಗಳ ಹೆಸರು ಮನೆಯಲ್ಲೇ ಉಳಿಯುತ್ತದೆ. ಅವಳೇನು ಸತ್ಯ ಹರಿಶ್ಚಂದ್ರನ ಮೊಮ್ಮಗಳಲ್ಲ, ಸಂತೆಯಲ್ಲಿ ಹಳೆ ಅಕ್ರೋಟನ್ನು ಹೊಸದೆಂದು ಸಾಗಹಾಕಿದವಳೇ. ಬಾಯಿ ತೆರೆದಳು, ಹೂಂ ಅನ್ನಲೆಂದೇ ತೆರೆದಳು.

"ಮಾರಿದ್ದು ಅಂದ್ಬಿಟ್ರೆ," ಅಂದಳು ನಿಧಾನವಾಗಿ, "ಅವಳಿಗೆ ಮುಟ್ಟಿದ್ದು?"

ದೆಸಾಂಕಾಳತ್ತ ತಿರುಗಿದಳು.

"ಇಷ್ಟು ವರ್ಷ ಕೊಟ್ಟಿದ್ದೆಲ್ಲ ಅವಳಿಗೆ ಅಂತ ಕೊಟ್ಟೆ. ಈಗ ದುಡ್ಡಿಗೆ ಕೊಟ್ಟೆ ಅಂತ ಬರ್ಕೊಟ್ರೆ ಅವಳಿಗೇನೂ ಸಿಗಲಿಲ್ಲ ಅಂತಾಯ್ತಲ್ಲ ದೆಸಾ. ಹೆಸರು ಉಳಿಸ್ಕೊಳ್ಳೋಕೆ ಹೋಗಿ ಮಗು ಬಾಯಿಂದ ತುತ್ತು ಕಿತ್ಕೊಳ್ಳಲಾ?"

"ಅತ್ತಿಗೆ, ಅದು ಬರೀ ಕಾಗದ."

"ಇದೂ ಕಾಗದಾನೇ," ಎಂದು ಮಿಲುಂಕಾ ಮೇಜಿನ ಮೇಲಿದ್ದದ್ದನ್ನು ತೋರಿಸಿದಳು. "ಹೆಸರು ಹೊತ್ಕೊಂಡು ಹೋಗ್ತಿಲ್ವಾ?"

ಮನೆಗೆ ಬರುವ ಬಸ್ಸಿನಲ್ಲಿ ದೆಸಾಂಕಾ ಅವಳಿಗೆ ಬೆನ್ನು ತಿರುಗಿಸಿ ಕೂತಳು. ಹಟಮಾರಿ, ಕಲ್ಲು, ನಮ್ಮಮ್ಮನ ತದ್ರೂಪ ಎಂದು ಕಿಟಕಿಗೆ ಹೇಳಿಕೊಂಡಳು. ಇಳಿಯುವಾಗ ಮಾತ್ರ ಅತ್ತಿಗೆಯ ಕೈಚೀಲವನ್ನು ತಾನೇ ಹಿಡಿದುಕೊಂಡಳು.

ಹೆಸರು ರದ್ದಾಯಿತು. ಆ ಕಂಪನಿ ಅದನ್ನು ತನ್ನದಾಗಿ ನೋಂದಾಯಿಸಿಕೊಂಡಿತು. ಕಾನೂನಿನಲ್ಲಿ ಅವರದೇನೂ ತಪ್ಪಿಲ್ಲ, ಖಾಲಿ ಬಿದ್ದ ಮನೆಗೆ ಬಂದಂತೆ ಬಂದರು. ಸ್ಲಾವಿಶಾ ಫೋನು ಮಾಡಿ, "ಸ್ಮಶಾನದಲ್ಲಿ ಹಂಚೋಕೆ ಯಾರೂ ಅಡ್ಡ ಬರಲ್ಲ ಅತ್ತೆ, ಅದು ವ್ಯಾಪಾರ ಅಲ್ವಲ್ಲ," ಅಂದ. ಮಿಲುಂಕಾಳಿಗೆ ನಗು ಬಂತು. ಅಂದೂ ಲೆಕ್ಕಕ್ಕಿಲ್ಲ, ಇಂದೂ ಲೆಕ್ಕಕ್ಕಿಲ್ಲ. ಹೋಗಲಿ, ಅಷ್ಟಾದರೂ ಬಿಟ್ಟರಲ್ಲ ಎಂದುಕೊಂಡಳು. ಲೇಬಲ್ಲು ಇನ್ನೂ ಪೆಟ್ಟಿಗೆಯಲ್ಲಿದೆ. ಮಗಳಿಗೆ ಅವಳದೇ ಹೆಸರಿನ ಭರಣಿ ಒಯ್ಯಬಹುದು, ಸಾಕು.

ಮರುವರ್ಷ ಶರತ್ಕಾಲದ ಸತ್ತವರ ಶನಿವಾರ. ಸ್ಮಶಾನದ ತುಂಬ ಜನ, ಮೇಣದ ವಾಸನೆ. ಮಿಲುಂಕಾ ಬಟ್ಟೆ ಹಾಸಿ ಭರಣಿಗಳನ್ನು ಸಾಲಾಗಿ ಇಟ್ಟಳು. ದೆಸಾಂಕಾ ನೀರಿನ ಲೋಟಗಳನ್ನು ಜೋಡಿಸಿದಳು. ಊರಿಗೆ ಹೊಸದಾಗಿ ಸೊಸೆಯಾಗಿ ಬಂದ ಹೆಂಗಸೊಬ್ಬಳು ಪಕ್ಕದ ಸಮಾಧಿಗೆ ಹೂವಿಟ್ಟು ಇತ್ತ ಬಂದಳು. ಒಳ್ಳೆಯ ಹುಡುಗಿ, ಮುಖದಲ್ಲಿ ಕಳೆಯಿತ್ತು. "ನನ್ನ ಮಗಳ ಆತ್ಮಕ್ಕೆ," ಎಂದು ಮಿಲುಂಕಾ ಚಮಚ ಚಾಚಿದಳು.

"ಆತ್ಮಕ್ಕೆ ಶಾಂತಿ ಸಿಗಲಿ," ಎಂದು ಬಾಯಿಗಿಟ್ಟುಕೊಂಡ ಹುಡುಗಿಯ ಕಣ್ಣು ಭರಣಿಯ ಮೇಲೆ ಬಿತ್ತು. "ಓ, ಇಕೊನಿಯಾ! ಸೂಪರ್‌ ಮಾರ್ಕೆಟ್‌ನಲ್ಲಿ ಈ ವಾರ ಎರಡಕ್ಕೆ ಒಂದು ಉಚಿತ ಇತ್ತಲ್ಲ, ನಾವೂ ತಂದ್ವಿ." ಆಮೇಲೆ ಮೆಲ್ಲಗೆ, ನೋಯಿಸಬಾರದೆಂಬ ದನಿಯಲ್ಲಿ ಸೇರಿಸಿದಳು: "ಬೇಜಾರು ಮಾಡ್ಕೋಬೇಡಿ ಅಮ್ಮಾ. ಸತ್ತವರಿಗೆ ಅಂಗಡೀದು ತರಬಾರದು ಅಂತಾರೆ. ಮಗಳಿಗೆ ಅಂತ ಕೈಯಾರೆ ಸ್ವಲ್ಪ ಮಾಡಬಹುದಿತ್ತು."

"ಏಯ್, ಯಾರ ಹತ್ರ ಏನು ಮಾತಾಡ್ತಿದೀಯ..." ದೆಸಾಂಕಾ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು.

ಮಿಲುಂಕಾ ಅವಳ ತೋಳು ಹಿಡಿದಳು. "ಬಿಡು ದೆಸಾ. ಅವಳಿಗೇನು ಗೊತ್ತು." ಹುಡುಗಿಗೆ ನೀರಿನ ಲೋಟ ಕೊಟ್ಟಳು. "ಹೌದಮ್ಮ," ಅಂದಳು, "ಮಾಡಬಹುದಿತ್ತು."

ಹುಡುಗಿ ಹೋದ ಮೇಲೆ ಮಿಲುಂಕಾ ಸಮಾಧಿಯ ಪಕ್ಕದ ಒದ್ದೆ ಹುಲ್ಲಿನ ಮೇಲೆ ಕೂತಳು. ಮಗಳು ಸತ್ತ ದಿನವೂ ಅತ್ತಿರಲಿಲ್ಲ ಅವಳು, ಕಲ್ಲಾಗಿದ್ದಳು. ಈಗ ಬಿಕ್ಕಿ ಬಿಕ್ಕಿ ಅತ್ತಳು, ಜನ ತಿರುಗಿ ನೋಡಿದರೂ ಲೆಕ್ಕಿಸದೆ. ಅತ್ತು ಸಾಕಾದ ಮೇಲೆ ಒಂದು ಭರಣಿಯನ್ನು ಮಡಿಲಿಗೆ ಎಳೆದುಕೊಂಡಳು. ಲೋಟದ ನೀರನ್ನು ಅದರ ಮೇಲೆ ಸುರಿದು, ಹೆಬ್ಬೆರಳಿನ ಉಗುರಿನಿಂದ ಲೇಬಲ್ಲನ್ನು ಕೆರೆಯತೊಡಗಿದಳು.

"ಅತ್ತಿಗೆ, ಏನ್ಮಾಡ್ತಿದೀರಾ? ಇಕಾ ಹೆಸರದು!"

"ಗೊತ್ತು," ಅಂದಳು ಮಿಲುಂಕಾ. "ನೀರು ಹಾಕು."

ಇಕಾ ಒಳ್ಳೆಯ ಅಂಟೇ ಹಾಕಿಸಿದ್ದಳು, ಬೇಗ ಬಿಡಲಿಲ್ಲ. ದೆಸಾಂಕಾ ನಿಂತು ನೋಡಿದಳು, ಆಮೇಲೆ ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕೂತು ನೀರು ಹಾಕಿದಳು. ಇಬ್ಬರೂ ಸೇರಿ ಒಂದೊಂದೇ ಭರಣಿಯಿಂದ ಇಕಾಳ ಹೆಸರನ್ನು ಕೆರೆದು ತೆಗೆದರು. ಬರಿಯ ಭರಣಿಗಳನ್ನು ಮತ್ತೆ ಬಟ್ಟೆಯ ಮೇಲೆ ಸಾಲಾಗಿಟ್ಟು, ಮಿಲುಂಕಾ ಎದ್ದು ನಿಂತು, ಮುಂದೆ ಬಂದ ಮುದುಕನಿಗೆ ಚಮಚ ಚಾಚಿದಳು.

"ತಗೊಳ್ಳಿ," ಅಂದಳು. "ಮನೇಲಿ ಮಾಡಿದ್ದು."