ಕೆಂಪಸಿದ್ದಯ್ಯ ಹಳೇ ಕಾರು ನೋಡಲು ಹೋದದ್ದು

ನಮ್ಮ ಸೀಮೆಗೆ ಕಾಲುವೆ ನೀರು ಬಂದು, ಕಬ್ಬು ಕೈಹಿಡಿದ ಮೇಲೆ ಒಂದು ಹೊಸ ಆಸೆ ಹುಟ್ಟಿದೆ. ಅದು ಮೋಟಾರು ಕಾರಿನ ಆಸೆ. ಮಹಾಯುದ್ಧ ಮುಗಿದರೂ ಹೊಸ ಕಾರು ಸುಲಭವಾಗಿ ಸಿಗುತ್ತಿಲ್ಲ. ಎಲ್ಲೆಲ್ಲೋ ಓಡಿ ಸವೆದ ಹಳೆಯ ಕಾರುಗಳು ಬಣ್ಣ ಬಳಿಸಿಕೊಂಡು ನಮ್ಮೂರುಗಳಿಗೆ ಬರುತ್ತಿವೆ. ಆಸೆಪಡುವುದು ತಪ್ಪಲ್ಲ. ಆದರೆ ಹೊಟ್ಟೆಕಿಚ್ಚನ್ನು ಜೊತೆಗೆ ಕರೆದುಕೊಂಡು ವ್ಯಾಪಾರಕ್ಕೆ ಹೋದವನ ಪಾಡೇನು, ಕೇಳಿ.

ಮದ್ದೂರಿನ ಆಚೆಯ ಹಳ್ಳಿಯ ಕೆಂಪಸಿದ್ದಯ್ಯನಿಗೆ ಮಳವಳ್ಳಿಯ ಅಂಕಯ್ಯನ ಕಾರು ಕಂಡರೆ ಆಗುತ್ತಿರಲಿಲ್ಲ. ಅಂಕಯ್ಯ ಬೇರೆ ಯಾರೂ ಅಲ್ಲ, ಹೆಂಡತಿ ಹೊಂಬಾಳಮ್ಮನ ತಂಗಿಯ ಗಂಡ. ಅವನ ಕಾರು ಮಾವನ ಮನೆಯ ಮುಂದೆ ನಿಂತರೆ ಅತ್ತೆ ಮಂಚಮ್ಮ ಆರತಿ ತಟ್ಟೆ ಹಿಡಿದು ಓಡಿಬರುತ್ತಿದ್ದಳು. ಹಿರಿಯಳಿಯ ಕೆಂಪಸಿದ್ದಯ್ಯ ಎತ್ತಿನ ಗಾಡಿಯಿಂದ ಇಳಿದರೆ, "ಬಂದ್ಯಾಪ್ಪಾ? ಎತ್ಗೆ ನೀರು ಕುಡ್ಸು" ಎನ್ನುತ್ತಿದ್ದಳು, ಅಷ್ಟೇ. ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಸ್ನಾನ ಮಾಡಿ, ವಿಭೂತಿ ಹಚ್ಚಿ ಮಾದಪ್ಪನಿಗೆ ಕೈಮುಗಿದರೂ, ಮುಚ್ಚಿದ ಕಣ್ಣಿಗೆ ಕಾಣುತ್ತಿದ್ದುದು ಅಂಕಯ್ಯನ ಕಾರೇ.

ಅಂಥ ಹೊತ್ತಲ್ಲಿ ಸಿಕ್ಕವನು ಮದ್ದೂರಿನ ದನದ ದಳ್ಳಾಳಿ ಶಿವಯ್ಯ. ಈಚೆಗೆ ಹಳೇ ಕಾರಿಗೂ ಕೈಹಾಕಿದ್ದ.

"ಅಂಕಯ್ಯನ್ದುಕ್ಕಿಂತ ದೊಡ್ಡುದು ಕಣಣ್ಣ. ನಿನ್ ಜೋಡೆತ್ತು ಕೊಡು, ಮ್ಯಾಲೊಂದಿಷ್ಟು ದುಡ್ಡು ಕೊಡು, ಓಡುಸ್ಕಂಡೋಗು."

'ದೊಡ್ಡುದು' ಎಂದದ್ದೇ ಸಾಕಾಯಿತು. ಆ ಎತ್ತುಗಳಿಲ್ಲದೆ ಗದ್ದೆಯಲ್ಲಿ ನೇಗಿಲು ನಡೆಯದು, ಆಲೆಮನೆಗೆ ಕಬ್ಬು ಸಾಗದು ಎಂಬುದು ನೆನಪಿಗೇ ಬರಲಿಲ್ಲ.

"ಎತ್ತು ಕೊಟ್ಬುಟ್ಟು ಎಂಗ್ ಉಳ್ತೀಯ? ಕಾರ್ಗೆ ನೊಗ ಕಟ್ಟೀಯಾ?" ಎಂದಳು ಹೊಂಬಾಳಮ್ಮ.

"ನಿನ್ ತಂಗಿ ಕಾರಲ್ಲಿ ಕುಂತ್ರೆ ಚೆಂದ, ನೀನು ಕುಂತ್ರೆ ಬ್ಯಾಡ್ವಾ?"

ಅವಳು ಮಾತು ಬೆಳೆಸಲಿಲ್ಲ. ಗಂಡನಿಗೆ ತಿಳಿಯದಂತೆ ತಂಗಿಯ ಮನೆಗೆ ಹೇಳಿಕಳಿಸಿದಳು.

ಶಿವಯ್ಯ ಗೊತ್ತು ಮಾಡಿದ್ದ ದಿನ ಗಂಡ ಹೆಂಡತಿ ಬೆಳಿಗ್ಗೆಯೇ ಅವನ ಮನೆಗೆ ಹೋದರು. ಕೊಟ್ಟಿಗೆಯ ನೆರಳಲ್ಲಿ ಕಾರು ಮಿರಮಿರ ಮಿಂಚುತ್ತಿತ್ತು.

"ಮೊನ್ನೆಯಿಂದ ಅಲ್ಲಾಡ್ಸೇ ಇಲ್ಲ. ಒಂದೇ ಸುತ್ಗೆ ಚಾಲೂ ಆಯ್ತದೆ ನೋಡ್ತಿರು" ಎಂದ ಶಿವಯ್ಯ.

ಕೆಂಪಸಿದ್ದಯ್ಯ ಬಣ್ಣದ ಮೇಲೆ ಕೈಯಾಡಿಸಿದ, ಹಾರ್ನು ಒತ್ತಿದ, ಅತ್ತೆಯ ಆರತಿ ತಟ್ಟೆ ನೆನೆದ. ಚಾಲೂ ಮಾಡಿಸಿಯೂ ನೋಡದೆ, ದನದ ಸಂತೆಯಲ್ಲಿ ಮಾಡುವಂತೆ ಟವಲಿನ ಮರೆಯಲ್ಲಿ ಶಿವಯ್ಯನ ಬೆರಳು ಹಿಡಿದು ಬೆಲೆ ಕುದುರಿಸಲು ನಿಂತ. ಅಷ್ಟರಲ್ಲಿ ಅಂಕಯ್ಯ ತನ್ನ ಕಾರಿನಲ್ಲಿ ಬಂದಿಳಿದ.

"ನಾನು ಕಾರು ತಗಂಡ್ರೆ ನಿಂಗ್ಯಾಕ್ಲಾ ಒಟ್ಟೆಉರಿ?" ಎಂದು ಕೆಂಪಸಿದ್ದಯ್ಯ ಸಿಡುಕಿದ.

"ನನ್ ಒಟ್ಟೆ ಅಂಗಿರ್ಲಿ ಕಣಣ್ಣ. ಆ ಬಾನೆಟ್ ಮ್ಯಾಲೆ ಕೈ ಮಡಗಿ ನೋಡು."

ಮಡಗಿದ. ಬಿಸಿಲಿನ್ನೂ ಕೊಟ್ಟಿಗೆಗೆ ಬಿದ್ದಿರಲಿಲ್ಲ, ಆದರೂ ತಗಡು ಬೆಚ್ಚಗಿತ್ತು.

"ಮೊನ್ನೆಯಿಂದ ಅಲ್ಲಾಡ್ಸಿಲ್ಲ ಅಂದ್ಯಲ್ಲ ಶಿವಯ್ಯ?" ಎಂದಳು ಹೊಂಬಾಳಮ್ಮ. ಶಿವಯ್ಯ ಆಕಾಶ ನೋಡಿದ.

ಎತ್ತಿನ ವ್ಯಾಪಾರ ಕೆಂಪಸಿದ್ದಯ್ಯನಿಗೆ ತಿಳಿಯದ್ದಲ್ಲ. ಕುಂಟೆತ್ತು ಮಾರುವವರು ಗಿರಾಕಿ ಬರುವ ಮೊದಲೇ ಅದನ್ನು ಅಡ್ಡಾಡಿಸಿ ಕೀಲು ಬೆಚ್ಚಗೆ ಮಾಡಿರುತ್ತಾರೆ. ಆಗ ಕುಂಟು ಕಾಣುವುದಿಲ್ಲ. ಅದಕ್ಕೇ ಅವನು ಹೇಳದೆ ಕೇಳದೆ ಕೋಳಿ ಕೂಗುವ ಹೊತ್ತಿಗೆ ಹೋಗಿ, ಮಲಗಿದ ಎತ್ತನ್ನು ಎಬ್ಬಿಸಿ ನಡೆಸಿ ನೋಡುವವನು. ಎತ್ತಿಗಿದ್ದ ಎಚ್ಚರ ಕಾರಿಗೆ ಏಕಿಲ್ಲ? ಉತ್ತರ ಅವನ ಒಳಗೇ ಉರಿಯುತ್ತಿತ್ತು. ಆದರೂ ಅಂಕಯ್ಯನ ಮುಂದೆ ಒಪ್ಪಲು ಮನಸ್ಸು ಬಾರದು.

"ಬೆಚ್ಚಗಿದ್ರೆ ಏನೀಗ?"

"ಏನಿಲ್ಲ. ತಣ್ಣಗಾಗ್ಲಿ, ಆಮೇಲೆ ಚಾಲೂ ಮಾಡ್ಸಾನ."

ಕಾದರು. ಆಮೇಲೆ ಶಿವಯ್ಯ ಕಾರಿನ ಮೂತಿಗೆ ಹ್ಯಾಂಡಲು ಸಿಕ್ಕಿಸಿ, ತಿರುಗಿಸಿ ತಿರುಗಿಸಿ ಬೆವತ. ಕೊನೆಗೊಮ್ಮೆ ಕಾರು ಕೆಮ್ಮುತ್ತ ಎದ್ದಿತು, ಹಿಂದಿನ ಕೊಳವೆಯಿಂದ ನೀಲಿ ಹೊಗೆ ಉಗುಳುತ್ತ.

"ನೀಲಿ ಒಗೆ ಬಂದ್ರೆ ಇಂಜಿನ್ನು ಎಣ್ಣೆ ಸುಡ್ತಾ ಅದೆ ಅಂತ. ನಾನು ತಗಳೋವಾಗ ಮೆಕಾನಿಕ್ಕು ನಜೀರ್ ಸಾಬ್ರನ್ನ ಕರ್ಕಂಡೋಗಿದ್ದೆ, ಅವರೇ ಏಳ್ಕೊಟ್ಟುದ್ದು. ಈಗ ಕೆಳಿಕ್ ಬಗ್ಗಿ ನೋಡಣ್ಣ" ಎಂದ ಅಂಕಯ್ಯ.

ಕೆಂಪಸಿದ್ದಯ್ಯ ಅಂಗಾತ ಮಲಗಿ ನೋಡಿದ. ಮೇಲೆಲ್ಲ ಹೊಸ ಬಣ್ಣ, ಕೆಳಗೆಲ್ಲ ತುಕ್ಕು. ಕಾರಿನ ಭಾರ ಹೊರುವ ಪಟ್ಟಿ ಬಿರುಕು ಬಿಟ್ಟಿತ್ತು. ಅದಕ್ಕೆ ತಂತಿ ಸುತ್ತಿ ಟಾರು ಮೆತ್ತಿದ್ದರು. ಅಂಕಯ್ಯ ಬ್ರೇಕು ತುಳಿದ. ಪೆಡಲು ತಡೆಯಿಲ್ಲದೆ ತಳ ಮುಟ್ಟಿತು.

"ಮಕ್ಳ್ ಮರಿ ಕೂರುಸ್ಕಂಡು ಇಳಿಜಾರಲ್ಲಿ ಬಂದಿದ್ರೆ?" ಎಂದಳು ಹೊಂಬಾಳಮ್ಮ.

"ಅಳೇದು ಅಂದ್ಮೇಲೆ ಒಂಚೂರು ಇರ್ತದೆ ಬುಡಣ್ಣ" ಎಂದ ಶಿವಯ್ಯ.

"ಇರ್ತದೆ. ಅದುನ್ನ ನೀನೇ ಮೊದ್ಲು ಏಳ್ಬೇಕಾಗಿತ್ತು" ಎಂದು ಕೆಂಪಸಿದ್ದಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಅಂಕಯ್ಯ ಮನೆಯವರೆಗೆ ಬಿಡುತ್ತೇನೆಂದ. ಕಾರಿನ ಮೆತ್ತನೆಯ ಸೀಟು ಕೆಂಪಸಿದ್ದಯ್ಯನನ್ನು ಮತ್ತೆ ಚುಚ್ಚಿತು. ಸ್ವಲ್ಪ ದೂರ ಹೋದ ಮೇಲೆ ಬಾಯಿಬಿಟ್ಟ: "ಇನ್ನೊಂದ್ಸಲ ಕಾರು ನೋಡಾಕೋದ್ರೆ ನೀನೂ ನಜೀರ್ ಸಾಬ್ರೂ ಬರ್ಬೇಕು ಕಣ್ಲಾ."

"ಬತ್ತೀನಿ ಕಣಣ್ಣ."

"ಅಲ್ಲೀಗಂಟ ಇವನ ಕಾರ್ ನೋಡ್ಕಂಡು ಸುಮ್ಕಿರ್ತೀಯಾ?" ಎಂದಳು ಹೊಂಬಾಳಮ್ಮ.

"ನೋಡ್ತೀನಿ. ಸುಮ್ಕಿರಾದೇ ಕಷ್ಟ."

ಮೂವರೂ ನಕ್ಕರು.

ಅಣ್ಣಂದಿರೇ, ಅಕ್ಕಂದಿರೇ, ನೆರೆಯವರ ಬಾಗಿಲಲ್ಲಿ ಕಾರು ನಿಂತರೆ ನಮ್ಮ ಮನಸ್ಸೂ ಉರಿದೀತು. ಅದನ್ನು ದೇವರ ಮುಂದೆ ಒಪ್ಪಿಕೊಂಡು, ಉರಿ ಇಳಿದ ಮೇಲೆ ವ್ಯಾಪಾರಕ್ಕೆ ಹೊರಡಿ. ಮುಂಚೆ ಹೇಳದೆ ಹೋಗಿ. ತಣ್ಣಗಿರುವ ಇಂಜಿನ್ನನ್ನು ನಿಮ್ಮೆದುರೇ ಚಾಲೂ ಮಾಡಿಸಿ. ಹೊಗೆಯ ಬಣ್ಣ ನೋಡಿ, ನಿಂತ ನೆಲದಲ್ಲಿ ಎಣ್ಣೆ ತೊಟ್ಟಿಕ್ಕಿದೆಯೇ ನೋಡಿ, ಬಗ್ಗಿ ತಳ ನೋಡಿ. ಟೈರು ಒಂದೇ ಮಗ್ಗುಲಿಗೆ ಸವೆದಿದ್ದರೆ ಏಕೆಂದು ಕೇಳಿ. ಬ್ರೇಕು ಹಿಡಿಯುತ್ತದೆಂದು ಖಾತ್ರಿಯಾದ ಮೇಲೆ ಏರು ಹತ್ತಿಸಿ ನೋಡಿ. ಕಾರಿನ ಕಾಗದ ಯಾರ ಹೆಸರಿನಲ್ಲಿದೆ ಎಂದು ಓದಿಸಿಕೊಳ್ಳಿ. ತಿಳಿದವರೊಬ್ಬರು ಜೊತೆಗಿರಲಿ, ನಿಮಗೆ ಆಗದವರಾದರೂ ಸರಿಯೇ. ಬೇಡವೆಂದು ಹೇಳಿ ಬರಿಗೈಯಲ್ಲಿ ಮರಳುವುದು ಅವಮಾನವಲ್ಲ. ಒಳ್ಳೆಯ ಕಾರು ಸಿಗುವ ತನಕ ನಡೆದೇ ಹೋಗೋಣ, ಮಕ್ಕಳು ಕ್ಷೇಮವಾಗಿರಲಿ.